ಯಂತ್ರಶಾಸ್ತ್ರದ ಮೇಷ್ಟರು ಮಾಡುವುದೇನು?

(ಬಾನುಲಿ ಭಾಷಣ)

ತ್ರಾಸಿಯನ್ನು ಒಮ್ಮೆ ಕಂಡವರು ಅಲ್ಲಿಯ ರಸ್ತೆಯನ್ನು ಮರೆಯಲಾರರು. ಮರವಂತೆಯ ಕಡೆಗೆ ಸಾಗಿದರೆ ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸೌಪರ್ಣಿಕೆ. ನಡುವೆ ಒಂದು ಹೆದ್ದಾರಿಗೆ ಎಷ್ಟು ಬೇಕೋ ಅಷ್ಟೇ ನೆಲ. ಕಡಲಿನ ಮಗ್ಗುಲವರೆಗೂ ಬಂದ ಹೊಳೆ ಅದನ್ನು ಸೇರದೆ ತೆಂಕಣಕ್ಕೆ ತಿರುಗಿ, ಗಂಗೊಳ್ಳಿಯ ಅಳಿವೆಯವರೆಗೆ ನಡೆದು, ಅಲ್ಲಿ ಸಮುದ್ರದ ಪಾಲಾಗುತ್ತದೆ. ನಾನು ಹುಟ್ಟಿದ್ದು ಈ ಊರಿನಲ್ಲಿ. ಮೂವತ್ತು ವರ್ಷಕ್ಕೂ ಮೀರಿ ಊರಿಂದ ಹೊರಗೆ ಯಂತ್ರಶಾಸ್ತ್ರದ ಪಾಠ ಹೇಳಿ, ಈಗ ನಿವೃತ್ತನಾಗಿ ಮರಳಿ ಇಲ್ಲಿಯೇ ನೆಲಸಿದ್ದೇನೆ.

ಈಚೆಗೆ ಒಂದು ಸಂಜೆ ನೆರೆಯವರೊಬ್ಬರು ನಮ್ಮ ಜಗಲಿಗೆ ಬಂದು ಕುಳಿತರು. ಗಂಗೊಳ್ಳಿಯ ಬಂದರಿನಿಂದ ಮೀನುಗಾರಿಕೆಗೆ ಹೋಗುವವರು. ಒಂದು ದೋಣಿಯಲ್ಲಿ ಪಾಲುದಾರರು. ಅವರ ಮಗ ಮೆಕ್ಯಾನಿಕಲ್ ಇಂಜಿನಿಯರಿಂಗಿನಲ್ಲಿ ಪದವಿ ಪಡೆದಿದ್ದಾನೆ. ಬೆಂಗಳೂರಿನ ಒಂದು ಗಣಕ ಸಂಸ್ಥೆಯಲ್ಲಿ ಅವನಿಗೆ ಕೆಲಸ ಸಿಕ್ಕಿದೆ. ಅದನ್ನು ಬಿಟ್ಟು ಮುಂದೆ ಓದುತ್ತೇನೆ, ಸಂಶೋಧನೆ ಮಾಡಿ ಮೇಷ್ಟರಾಗುತ್ತೇನೆ ಎಂದು ಅವನು ಹಟ ಹಿಡಿದಿದ್ದಾನೆ. ಎಲೆ ಅಡಿಕೆ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: “ಇಂಜಿನಿಯರ್ ಆಯ್ತಲ್ದಾ ಮರಾಯ್ರೆ, ಇನ್ನೂ ಓದೂದ್ ಎಂತಕೆ?”

ನ್ಯಾಯವಾದ ಪ್ರಶ್ನೆ. ಸಾಹಿತ್ಯದ ಅಧ್ಯಾಪಕನ ಕೆಲಸವೇನೆಂಬುದು ನಮ್ಮವರಿಗೆ ಗೊತ್ತು. ಕೋಟದ ಕಾರಂತರನ್ನೂ ಮೊಗೇರಿಯ ಅಡಿಗರನ್ನೂ ಕೊಟ್ಟ ನೆಲ ಇದು. ಅಡಿಗರಂತೂ ಇಂಗ್ಲಿಷ್ ಪಾಠ ಹೇಳುತ್ತಲೇ ಕವಿತೆ ಬರೆದವರು. ವೈದ್ಯನಿಗೆ ರೋಗಿ ಇದ್ದಾನೆ, ವಕೀಲನಿಗೆ ಕಕ್ಷಿಗಾರನಿದ್ದಾನೆ. ಯಂತ್ರ ಮಾಡುವುದನ್ನು ಕಲಿತವನು ಯಂತ್ರ ಮಾಡುವುದನ್ನು ಬಿಟ್ಟು ಮತ್ತೆ ಐದಾರು ವರ್ಷ ಓದುತ್ತಾನೆಂದರೆ, ಅವನು ಓದುವುದಾದರೂ ಏನನ್ನು? ಆ ಸಂಜೆ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಇಂದು ಹೇಳಲು ಯತ್ನಿಸುತ್ತೇನೆ.

ದೂರ ಹೋಗುವುದು ಬೇಡ, ತಲೆಯ ಮೇಲಿನ ಹಂಚಿನಿಂದಲೇ ತೊಡಗೋಣ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ದಡದ ಜೇಡಿಮಣ್ಣು ಮಂಗಳೂರು ಹಂಚೆಂಬ ಹೆಸರಿನಲ್ಲಿ ಹಡಗು ಹತ್ತಿ ದೇಶಾಂತರಗಳಿಗೆ ಹೋಯಿತು. ಕಾಲಕ್ರಮದಲ್ಲಿ ಕುಂದಾಪುರದ ಸುತ್ತಮುತ್ತಲೂ ಇಂಥ ಕಾರ್ಖಾನೆಗಳು ಎದ್ದವು. ಹುಡುಗನಾಗಿದ್ದಾಗ ಅಂಥದೊಂದರ ಒಳಗೆ ಹೊಕ್ಕು ನೋಡಿದ ನೆನಪು ನನಗಿದೆ. ಮಣ್ಣು ನಾದುವ ಯಂತ್ರ, ಎಣ್ಣೆ ಸವರಿದ ಅಚ್ಚು, ಒತ್ತುವ ಪ್ರೆಸ್ಸು. ಅದರಿಂದ ಹೊರಬಂದ ಹಸಿ ಹಂಚನ್ನು ಎರಡೂ ಕೈಗಳಲ್ಲಿ ಎಳೆಗೂಸಿನಂತೆ ಎತ್ತಿಕೊಂಡು ಹೋಗಿ ಅಟ್ಟಣಿಗೆಯ ಮೇಲೆ ಒಣಗಲು ಇಡುವ ಹೆಂಗಸರು. ಅಲ್ಲಿಯ ಮೇಸ್ತ್ರಿ ಸಮುದ್ರದ ಕಡೆಯ ಕಿಟಕಿಗಳಿಗೆ ಗೋಣಿತಟ್ಟು ಕಟ್ಟಿಸುತ್ತಿದ್ದರು. ಏಕೆಂದು ಕೇಳಿದರೆ, “ಗಾಳಿ ಹೊಡದ್ರೆ ಹಂಚ್ ಬಗ್ಗತ್” ಎಂದಷ್ಟೇ ಉತ್ತರ.

ಗಾಳಿ ಬಡಿದರೆ ಹಂಚು ಏಕೆ ಬಾಗಬೇಕು? ಹಸಿ ಜೇಡಿಯಲ್ಲಿ ಮಣ್ಣಿನ ಸಣ್ಣ ಸಣ್ಣ ಪದರಗಳ ನಡುವೆ ನೀರಿರುತ್ತದೆ. ನೀರು ಆವಿಯಾದಂತೆ ಪದರಗಳು ಒಂದಕ್ಕೊಂದು ಹತ್ತಿರ ಸರಿಯುತ್ತವೆ, ಹಂಚು ಕುಗ್ಗುತ್ತದೆ. ಎರಡೂ ಮುಖಗಳು ಒಂದೇ ವೇಗದಲ್ಲಿ ಒಣಗಿದರೆ ಕುಗ್ಗುವಿಕೆಯೂ ಸಮನಾಗಿರುತ್ತದೆ. ಒಂದೇ ಮುಖಕ್ಕೆ ಗಾಳಿ ತಾಗಿದರೆ ಆ ಮುಖ ಮೊದಲು ಕುಗ್ಗಿ ಹಂಚನ್ನು ತನ್ನ ಕಡೆಗೆ ಎಳೆಯುತ್ತದೆ. ಎಳೆತ ಮಿತಿ ಮೀರಿದರೆ ಬಿರುಕು. ಮೇಸ್ತ್ರಿಗೆ ಇದರ ಪರಿಣಾಮ ಗೊತ್ತಿತ್ತು, ಪರಿಹಾರವೂ ಗೊತ್ತಿತ್ತು. ಆದರೆ ಮಣ್ಣು ಬದಲಾದರೆ, ಹಂಚಿನ ದಪ್ಪ ಬದಲಾದರೆ, ಬಿಸಿಗಾಳಿ ಬಿಟ್ಟು ಒಂದೇ ದಿನದಲ್ಲಿ ಒಣಗಿಸಬೇಕೆಂದು ಧಣಿ ಹಟ ಹಿಡಿದರೆ ಏನಾಗುತ್ತದೆಂದು ಅವರು ಮುಂದಾಗಿ ಹೇಳಲಾರರು. ಮಾಡಿ ನೋಡಿಯೇ ಹೇಳಬೇಕು. ಒಂದು ಗೂಡಿನ ಹಂಚು ಹಾಳಾದ ಮೇಲೆ ತಿಳಿಯುವ ಸತ್ಯ ದುಬಾರಿಯ ಸತ್ಯ. ಮಾಡಿ ಕೆಡಿಸುವ ಮೊದಲೇ ಹೇಳಬಲ್ಲ ತಿಳಿವಳಿಕೆಯನ್ನು ಹುಡುಕುವುದು ಉತ್ಪಾದನಾ ಸಂಶೋಧನೆಯ ಕೆಲಸ. ಮೇಸ್ತ್ರಿಯ ಕೈಯಲ್ಲಿದ್ದ ವಿದ್ಯೆಯನ್ನು ಇನ್ನೊಬ್ಬರು ಓದಿ, ಪರೀಕ್ಷಿಸಿ, ತಪ್ಪಿದ್ದರೆ ತಿದ್ದಬಹುದಾದ ರೂಪಕ್ಕೆ ತರುವುದು ಈ ಮೇಷ್ಟರ ಕೆಲಸ.

ಈ ವಿದ್ಯೆ ವಿಶ್ವವಿದ್ಯಾನಿಲಯದ ಹೊಸ್ತಿಲು ದಾಟಿದ್ದು ಬಹಳ ತಡವಾಗಿ. 1798ರಲ್ಲಿ ಕೌಂಟ್ ರಂಫರ್ಡ್ ಎಂಬಾತ ಮ್ಯೂನಿಕ್ಕಿನ ಆಯುಧಶಾಲೆಯಲ್ಲಿ ಮಾಡಿದ ಪ್ರಯೋಗವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ. ಫಿರಂಗಿಯ ನಳಿಗೆ ಕೊರೆಯುವಾಗ ಹುಟ್ಟುವ ಕಾವು ಎಲ್ಲಿಂದ ಬರುತ್ತದೆಂಬುದು ಅವನ ಪ್ರಶ್ನೆ. ಮೊಂಡು ಉಳಿಯೊಂದನ್ನು ಲೋಹಕ್ಕೆ ಒತ್ತಿ, ಸುತ್ತಲೂ ನೀರು ತುಂಬಿ ತಿರುಗಿಸಿದ. ಎರಡೂವರೆ ಗಂಟೆಯಲ್ಲಿ, ಬೆಂಕಿಯೇ ಇಲ್ಲದೆ, ನೀರು ಕುದಿಯಿತು. ಕಾವು ಎಂಬುದು ವಸ್ತುವಿನೊಳಗೆ ಅಡಗಿರುವ ಒಂದು ದ್ರವವೆಂದು ನಂಬಿದ್ದ ಕಾಲದಲ್ಲಿ ಅದು ಚಲನೆಯ ಒಂದು ಬಗೆಯೆಂಬ ವಾದಕ್ಕೆ ಬಲ ಬಂದದ್ದು ಹೀಗೆ, ಒಂದು ಕಾರ್ಖಾನೆಯ ನೆಲದ ಮೇಲೆ.

ಅನಂತರ ಬಂದವನು ಅಮೆರಿಕದ ಫ್ರೆಡರಿಕ್ ಟೇಲರ್. ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಗಾರನಾಗಿ ಸೇರಿ ಮೇಲೆ ಬಂದವನು. ಲೇತಿನಲ್ಲಿ ಉಕ್ಕನ್ನು ಯಾವ ವೇಗದಲ್ಲಿ ತಿರುಗಿಸಿ ಕತ್ತರಿಸಬೇಕು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು 26 ವರ್ಷ ಪ್ರಯೋಗ ನಡೆಸಿದ. ದಾಖಲೆ ಮಾಡಿಟ್ಟ ಪ್ರಯೋಗಗಳೇ 30,000ಕ್ಕೂ ಮೇಲೆ. ಅವುಗಳಲ್ಲಿ ಸುರುಳಿಯಾಗಿ ಹೋದ ಲೋಹ ಸುಮಾರು 8 ಲಕ್ಷ ಪೌಂಡು. ಫಲಿತಾಂಶ 1907ರಲ್ಲಿ ಅಚ್ಚಾಯಿತು. ಅವನು ಕಂಡುಕೊಂಡ ನಿಯಮ ಒಂದೇ ಸಾಲಿನದು: ಕತ್ತರಿಸುವ ವೇಗ ಏರಿದಂತೆ ಉಳಿಯ ಆಯುಷ್ಯ ಇಳಿಯುತ್ತದೆ, ಆದರೆ ಇಳಿಯುವ ಪ್ರಮಾಣ ನಾವು ಊಹಿಸಿದಂತಲ್ಲ. ಅವನ ಲೆಕ್ಕದಂತೆ ನೂರಕ್ಕೆ ಹತ್ತರಷ್ಟು ವೇಗ ಹೆಚ್ಚಿಸಿದರೆ, ಅರುವತ್ತು ನಿಮಿಷ ಬಾಳಬೇಕಾದ ಉಳಿ ಇಪ್ಪತ್ತೆಂಟು ನಿಮಿಷಕ್ಕೆ ಮೊಂಡಾಗುತ್ತದೆ. ವೇಗವನ್ನು ಇಮ್ಮಡಿಸಿದರೆ ಆಯುಷ್ಯ 256ರಲ್ಲಿ ಒಂದು ಪಾಲಿಗೆ ಇಳಿದು, ಹದಿನೈದು ಸೆಕೆಂಡೂ ನಿಲ್ಲುವುದಿಲ್ಲ. ಅವಸರದ ಬೆಲೆ ಏನೆಂಬುದನ್ನು ಅಂಕಿಗಳಲ್ಲಿ ತೋರಿಸಿದ ಮಾತು ಇದು. ಕೆಲಸಗಾರರ ಕೈಚಳಕವನ್ನು ಗಡಿಯಾರ ಹಿಡಿದು ಅಳೆದದ್ದಕ್ಕಾಗಿ ಅದೇ ಟೇಲರ್ ಅವರ ದ್ವೇಷಕ್ಕೂ ಗುರಿಯಾದ. ಮಾಪನವೆಂಬುದು ಯಾರ ಕೈಯಲ್ಲಿದೆ, ಯಾರಿಗಾಗಿ ಎಂಬ ಪ್ರಶ್ನೆ ನಮ್ಮ ಶಾಸ್ತ್ರದೊಡನೆಯೇ ಹುಟ್ಟಿತೆಂಬುದನ್ನು ಮರೆಯಬಾರದು.

ಉಳಿ ಲೋಹವನ್ನು ಕತ್ತರಿಸುವಾಗ ನಿಜವಾಗಿ ನಡೆಯುವುದೇನು? ಕೊಡಲಿ ಸೌದೆಯನ್ನು ಸೀಳುವಂತೆ ಉಳಿ ಲೋಹವನ್ನು ಸೀಳುತ್ತದೆಂದು ಬಹುಕಾಲ ತಿಳಿದಿದ್ದರು. 1937ರಲ್ಲಿ ಫಿನ್ಲೆಂಡಿನ ಪಿಸ್ಪನೆನ್ ಬೇರೆ ಚಿತ್ರ ಕೊಟ್ಟ: ಇಸ್ಪೀಟು ಎಲೆಗಳ ಕಟ್ಟನ್ನು ಓರೆಯಾಗಿ ತಳ್ಳಿದರೆ ಒಂದೊಂದೇ ಎಲೆ ಜಾರುತ್ತದಲ್ಲ, ಲೋಹದ ಪದರಗಳೂ ಹಾಗೆ ಜಾರಿ ಸುರುಳಿಯಾಗುತ್ತವೆ. 1940ರ ದಶಕದಲ್ಲಿ ಅಮೆರಿಕದ ಯೂಜೀನ್ ಮರ್ಚಂಟ್ ಆ ಜಾರುವಿಕೆಯ ಕೋನವನ್ನೂ ಅದರಲ್ಲಿ ತೊಡಗಿದ ಬಲಗಳನ್ನೂ ಲೆಕ್ಕಕ್ಕೆ ಇಳಿಸಿದ. ಲೇತಿನ ಕೆಳಗೆ ಬಿದ್ದು ಗುಡಿಸಿ ಎಸೆಯುವ ಸುರುಳಿ ಹೀಗೆ ಓದಬಹುದಾದ ಒಂದು ಲಿಪಿಯಾಯಿತು. ಅದರ ಬಣ್ಣದಿಂದ ಕಾವನ್ನು, ದಪ್ಪದಿಂದ ಜಾರುವ ಕೋನವನ್ನು, ಅದರ ಬೆನ್ನಿನ ನುಣುಪಿನಿಂದ ಉಳಿಯ ಸ್ಥಿತಿಯನ್ನು ಅರಿಯಬಹುದು. ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುತ್ತಿದ್ದುದು, ಕಸದ ಬುಟ್ಟಿಯನ್ನು ನೋಡಿರಿ ಎಂದು.

ಇನ್ನು ನಮ್ಮ ನಾಡಿನ ಮಾತು. ಬೆಳಗಾವಿ ಜಿಲ್ಲೆಯಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿಸುವ ಮೇಷ್ಟರಾಗಿದ್ದರು. ನ್ಯಾಯವಾಗಿ ಬರಬೇಕಾಗಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಅಲ್ಲಿ ಸೈಕಲ್ ಅಂಗಡಿ ಇತ್ತು. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೆಂದು ರೈತರು ಆ ನೇಗಿಲನ್ನು ಮುಟ್ಟಲಿಲ್ಲ. 1910ರಲ್ಲಿ ಔಂಧ್ ಸಂಸ್ಥಾನದ ಬಯಲಿನಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಉದ್ಯಮಕ್ಕೆ ಆದದ್ದು ಲಾಭ. ಆದರೆ ತರಗತಿಗೆ ಆದ ನಷ್ಟವನ್ನು ಯಾರೂ ಲೆಕ್ಕ ಹಾಕಲಿಲ್ಲ. ಒಳ್ಳೆಯ ಯಂತ್ರಜ್ಞನನ್ನು ಉಪಾಧ್ಯಾಯನಾಗಿ ಉಳಿಸಿಕೊಳ್ಳುವುದು ಹೇಗೆಂಬ ತೊಡಕು ಅಂದಿನಿಂದ ಇಂದಿನವರೆಗೂ ನಮ್ಮೊಡನೆ ಬಂದಿದೆ.

ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಸಿದರು. ಅದಕ್ಕೂ ಮೊದಲು, 1909ರಲ್ಲಿ, ಟಾಟಾ ಅವರ ಕನಸಿನ ಭಾರತೀಯ ವಿಜ್ಞಾನ ಮಂದಿರ ಸ್ಥಾಪನೆಯಾಗಿತ್ತು. ಈ ಎರಡು ಮನೆಗಳ ನಡುವೆ ಹರಿದ ಒಂದು ಗುರುಪರಂಪರೆಯ ಕಥೆ ಸಾಹಿತ್ಯಪ್ರಿಯರಿಗೆ ರುಚಿಸೀತು. ಸತೀಶ್ ಧವನ್ ಲಾಹೋರಿನಲ್ಲಿ ಓದಿದವರು; ಅವರ ಪದವಿಗಳಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಒಂದು, ಮೆಕ್ಯಾನಿಕಲ್ ಇಂಜಿನಿಯರಿಂಗಿನ ಬಿ.ಇ. ಇನ್ನೊಂದು. ಅಮೆರಿಕದ ಕ್ಯಾಲ್‌ಟೆಕ್ಕಿನಲ್ಲಿ ಹಾನ್ಸ್ ಲೀಪ್‌ಮನ್ನರ ಶಿಷ್ಯರಾಗಿ, ಹರಿಯುವ ಗಾಳಿ ತಾನು ಸವರಿ ಹೋಗುವ ಮೈಯನ್ನು ಎಷ್ಟು ಬಲದಿಂದ ಎಳೆಯುತ್ತದೆಂಬುದನ್ನು ನೇರವಾಗಿ ಅಳೆದು ಡಾಕ್ಟರೇಟ್ ಪಡೆದರು. 1951ರಲ್ಲಿ ವಿಜ್ಞಾನ ಮಂದಿರಕ್ಕೆ ಬಂದರು. 1962ರಿಂದ 1981ರವರೆಗೆ ಅದರ ನಿರ್ದೇಶಕರಾಗಿದ್ದರು. ಅವರ ಬಳಿ ಬಂದ ಒಬ್ಬ ಹುಡುಗ ರೊದ್ದಂ ನರಸಿಂಹ. ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರು, ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರು. ಮಗ 1953ರಲ್ಲಿ ವಿಶ್ವೇಶ್ವರಯ್ಯನವರ ಕಾಲೇಜಿನಿಂದ ಮೆಕ್ಯಾನಿಕಲ್ ಪದವಿ ಪಡೆದು ಧವನರಲ್ಲಿಗೆ ಹೋದರು. ನಯವಾಗಿ ಹರಿಯುವ ಗಾಳಿ ಕ್ಷೋಭೆಗೆ ತಿರುಗುವ ಗಳಿಗೆಯನ್ನು ಕುರಿತ ಅವರ ಮೊದಲ ಮುಖ್ಯ ಸಂಶೋಧನೆ ಬೆಂಗಳೂರಿನಲ್ಲೇ ನಡೆದದ್ದು. ಆಮೇಲೆ ಅವರೂ ಕ್ಯಾಲ್‌ಟೆಕ್ಕಿಗೆ ಹೋಗಿ ಅದೇ ಲೀಪ್‌ಮನ್ನರ ಬಳಿ 1961ರಲ್ಲಿ ಡಾಕ್ಟರೇಟ್ ಮುಗಿಸಿ, ಮರುವರ್ಷ ಹಿಂದಿರುಗಿ ಬಂದು ಪಾಠ ಹೇಳಿದರು. 2020ರಲ್ಲಿ ತೀರಿಕೊಳ್ಳುವವರೆಗೂ ಅವರು ವಿದ್ಯಾರ್ಥಿಯಂತೆಯೇ ಇದ್ದರು. ಗಮನಿಸಬೇಕಾದದ್ದು ಪದವಿಗಳ ಪಟ್ಟಿಯನ್ನಲ್ಲ, ಹಿಂದಿರುಗಿದ್ದನ್ನು. ಹಾಗೆ ಹಿಂದಿರುಗಿದವರಿಂದಲೇ ಒಂದು ಊರಿನಲ್ಲಿ ವಿದ್ಯೆಯ ವಂಶ ಬೆಳೆಯುವುದು.

ವಿಮಾನಕ್ಕೆ ಹೀಗಾದರೆ ಲೇತಿಗೆ? 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. ಮೊದಲ ಲೇತುಗಳನ್ನು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ತಯಾರಿಸಿದರು. ಇನ್ನೊಬ್ಬರ ನಕ್ಷೆಯಂತೆ ಯಂತ್ರ ಮಾಡುವುದು ಒಂದು ಹಂತ. ಆ ನಕ್ಷೆಯಲ್ಲಿ ಈ ಭಾಗ ಇಷ್ಟೇ ದಪ್ಪ ಏಕೆ ಇದೆ ಎಂದು ತಿಳಿಯುವುದು ಬೇರೊಂದು ಹಂತ. ಅದಕ್ಕಾಗಿಯೇ 1962ರಲ್ಲಿ, ಅಂದಿನ ಚೆಕೊಸ್ಲೊವಾಕಿಯದ ನೆರವಿನಿಂದ, ಬೆಂಗಳೂರಿನಲ್ಲಿ ಕೇಂದ್ರ ಮೆಷಿನ್ ಟೂಲ್ ಸಂಸ್ಥೆ ಹುಟ್ಟಿತು. ಇಂದು ಅದರ ಹೆಸರು ಕೇಂದ್ರ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ. ಅಲ್ಲಿಯವರು ಸಿದ್ಧಪಡಿಸಿದ ಯಂತ್ರವಿನ್ಯಾಸದ ಕೈಪಿಡಿ 1980ರ ದಶಕದಿಂದ ಈಚೆಗೆ ದೇಶದ ಇಂಜಿನಿಯರಿಂಗ್ ಕಾಲೇಜುಗಳ ಮೇಜಿನ ಮೇಲೆ ಸವೆದು ಹೋಗುವಷ್ಟು ಬಳಕೆಯಾಗಿದೆ. ಕವಿಗೆ ನಿಘಂಟು ಹೇಗೋ ನಮಗೆ ಅದು ಹಾಗೆ.

ನಮ್ಮ ಕರಾವಳಿಯೂ ಹಿಂದೆ ಉಳಿಯಲಿಲ್ಲ. 1957ರಲ್ಲಿ ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈಗಳ ಇಂಜಿನಿಯರಿಂಗ್ ಕಾಲೇಜು, 1960ರಲ್ಲಿ ಸುರತ್ಕಲ್ಲಿನಲ್ಲಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು. ಎರಡನೆಯದರ ಹಿಂದೆ ಲೋಕಸಭಾ ಸದಸ್ಯರಾಗಿದ್ದ ಯು. ಶ್ರೀನಿವಾಸ ಮಲ್ಯರ ದುಡಿಮೆ ಇದೆ. 2002ರಲ್ಲಿ ಅದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು. ತ್ರಾಸಿಯ ಎದುರು ಹಾದುಹೋಗುವ ಹೆದ್ದಾರಿಯೇ ಸುರತ್ಕಲ್ಲಿನ ಆ ವಿದ್ಯಾಸಂಸ್ಥೆಯ ಆವರಣವನ್ನೂ ದಾಟಿ ಹೋಗುತ್ತದೆ. ಅದಕ್ಕೂ ಪಡುವಣದಲ್ಲಿ ಇದೇ ಸಮುದ್ರ. ನನ್ನ ತಲೆಮಾರಿನ ಎಷ್ಟೋ ಹಳ್ಳಿಯ ಮಕ್ಕಳಿಗೆ ಇಂಜಿನಿಯರಿಂಗ್ ಎಂಬುದು ಮುಂಬಯಿಯ ಬಸ್ಸು ಹತ್ತದೆ ಸಿಕ್ಕಿದ್ದು ಈ ಎರಡು ಊರುಗಳಿಂದ.

ಈ ವೃತ್ತಿಯ ಮೆಟ್ಟಿಲುಗಳನ್ನು ಈಗ ಎಣಿಸೋಣ. ನಾಲ್ಕು ವರ್ಷದ ಬಿ.ಇ.; ಆಮೇಲೆ ಗೇಟ್ ಎಂಬ ಅಖಿಲ ಭಾರತ ಪರೀಕ್ಷೆ; ಎರಡು ವರ್ಷದ ಎಂ.ಟೆಕ್.; ಅನಂತರ ಡಾಕ್ಟರೇಟ್, ಅದಕ್ಕೆ ನಾಲ್ಕರಿಂದ ಆರು ವರ್ಷ. ಬಿ.ಇ. ಮುಗಿಸಿದೊಡನೆ ನೇರವಾಗಿ ಡಾಕ್ಟರೇಟಿಗೆ ಹೋಗುವ ದಾರಿಯೂ ಕೆಲವು ಸಂಸ್ಥೆಗಳಲ್ಲಿದೆ. ಗೇಟ್ ಮೂಲಕ ಸೇರಿದ ಎಂ.ಟೆಕ್. ವಿದ್ಯಾರ್ಥಿಗೆ ಕೇಂದ್ರದ ವಿದ್ಯಾಸಂಸ್ಥೆಗಳಲ್ಲಿ ತಿಂಗಳಿಗೆ 12,400 ರೂಪಾಯಿ ವೇತನವಿದೆ. ಡಾಕ್ಟರೇಟ್ ಸಂಶೋಧಕನಿಗೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಎಂಬ ಮೂರು ಹುದ್ದೆಗಳು. ಮೊದಲನೆಯದಕ್ಕೆ ಬಹುಪಾಲು ಕಾಲೇಜುಗಳಲ್ಲಿ ಎಂ.ಟೆಕ್. ಸಾಕು, ರಾಷ್ಟ್ರೀಯ ಸಂಸ್ಥೆಗಳಲ್ಲಿ ಡಾಕ್ಟರೇಟ್ ಬೇಕು. ಮೇಲಿನ ಎರಡಕ್ಕೆ ಎಲ್ಲೆಡೆಯೂ ಡಾಕ್ಟರೇಟ್, ಅನುಭವ, ಪ್ರಕಟಿಸಿದ ಪ್ರಬಂಧಗಳು ಬೇಕು. ಅಂದರೆ ಇಪ್ಪತ್ತೆರಡಕ್ಕೆ ಸಂಬಳ ತರಬಹುದಾದ ಮಗ ಮೂವತ್ತರ ಹತ್ತಿರಕ್ಕೆ ಕೆಲಸ ಹಿಡಿಯುತ್ತಾನೆ. ನೆರೆಯವರ ಪ್ರಶ್ನೆಯ ಹಿಂದಿದ್ದ ಲೆಕ್ಕ ಇದು. ಸಾಲದ ಕಂತು, ಮಗಳ ಮದುವೆ, ದೋಣಿಯ ದುರಸ್ತಿ: ಇವು ಯಾವುವೂ ಆರು ವರ್ಷ ಕಾಯುವುದಿಲ್ಲ. ಆ ಲೆಕ್ಕವನ್ನು ಹಗುರವಾಗಿ ಕಾಣುವ ಅಧಿಕಾರ ಯಾವ ಮೇಷ್ಟರಿಗೂ ಇಲ್ಲ.

ಆ ಆರು ವರ್ಷಗಳಲ್ಲಿ ಆಗುವುದೇನು? ನನ್ನದೇ ಕಥೆ ಹೇಳುವೆ. ಉಳಿ ಲೋಹವನ್ನು ಕತ್ತರಿಸುವ ತುದಿಯಲ್ಲಿ ಎಷ್ಟು ಕಾವಿರುತ್ತದೆಂಬುದು ನನ್ನ ವಿಷಯ. ಅಲ್ಲಿಗೆ ಉಷ್ಣಮಾಪಕ ತೂರಿಸಲು ಜಾಗವಿಲ್ಲ. ಎರಡು ಬೇರೆ ಬೇರೆ ಲೋಹಗಳು ಕೂಡುವ ಕಡೆ ಕಾಸಿದರೆ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆಂಬುದು 1821ರಿಂದಲೂ ತಿಳಿದ ಸಂಗತಿ. ಉಳಿ ಒಂದು ಲೋಹ, ಕತ್ತರಿಸಿಕೊಳ್ಳುವುದು ಇನ್ನೊಂದು ಲೋಹ. ಹಾಗಾಗಿ ಅವು ತಾಗುವ ಬಿಂದುವನ್ನೇ ಮಾಪಕವಾಗಿ ಬಳಸಬಹುದು. ಆದರೆ ಆ ವಿದ್ಯುತ್ತು ಲೇತಿನ ಮೈಗೆ ಸೋರಿಹೋಗದಂತೆ ಉಳಿಯ ಕೆಳಗೆ ಕಾಗೆಬಂಗಾರದ ತೆಳುವಾದ ಹಾಳೆ ಇಡಬೇಕು. ನಾನೇ ಇಟ್ಟೆ. ಹನ್ನೊಂದು ತಿಂಗಳು ಬೆಳಗಿನಿಂದ ರಾತ್ರಿಯವರೆಗೆ ಅಳತೆ ಬರೆದೆ. ನಾಲ್ಕು ದಪ್ಪ ಪುಸ್ತಕಗಳು ತುಂಬಿದವು. ಅಂಕಿಗಳು ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡಿದ್ದವು. ಆ ಹೊಂದಿಕೆಯೇ ನನ್ನನ್ನು ಮೋಸಗೊಳಿಸಿತು. ಒಂದು ದಿನ ಯಂತ್ರ ಒರೆಸುತ್ತಿದ್ದ ಕಾರ್ಯಾಗಾರದ ಹಿರಿಯ ಕೆಲಸಗಾರರು ಆ ಹಾಳೆಯನ್ನು ಬೆಳಕಿಗೆ ಹಿಡಿದು, ಇದರ ಮೂಲೆ ಮುರಿದಿದೆಯಲ್ಲ ಎಂದರು. ಮುರಿದದ್ದು ಇಂದಲ್ಲ, ಒಡೆದ ಅಂಚಿನಲ್ಲಿ ತಿಂಗಳುಗಳ ಎಣ್ಣೆ ಕಪ್ಪಾಗಿ ಕೂತಿತ್ತು. ಅಷ್ಟು ದಿನವೂ ಒಂದು ಪಾಲು ವಿದ್ಯುತ್ತು ಸೋರಿಹೋಗಿತ್ತು. ನನ್ನ ಅಂಕಿಗಳೆಲ್ಲ ಒಂದೇ ಬಗೆಯಲ್ಲಿ ತಪ್ಪಾಗಿದ್ದವು. ಅದಕ್ಕೇ ಅವು ಅಷ್ಟು ಚೆನ್ನಾಗಿ ಹೊಂದಿಕೊಂಡಿದ್ದುದು.

ಆ ರಾತ್ರಿ ನನಗೆ ಬಂದ ಆಲೋಚನೆಯನ್ನು ಮುಚ್ಚಿಡುವುದಿಲ್ಲ. ಹಾಳೆಯ ವಿಷಯ ಗೊತ್ತಿದ್ದುದು ಇಬ್ಬರಿಗೆ. ಹೊಸ ಹಾಳೆ ಇಟ್ಟು ಮುಂದುವರಿದರೆ ಕೇಳುವವರಿರಲಿಲ್ಲ. ಆದರೆ ಆ ಅಂಕಿಗಳನ್ನು ನಂಬಿ ಎಲ್ಲಿಯೋ ಯಾರೋ ಒಬ್ಬರು ಒಂದು ಉಳಿಯನ್ನು ರೂಪಿಸಿ, ಅದು ಕೆಲಸಗಾರನೊಬ್ಬನ ಮುಖದೆದುರು ಸಿಡಿದರೆ? ಬೆಳಗ್ಗೆ ಗುರುಗಳಿಗೆ ಹೇಳಿದೆ. ಅವರು ಬೈಯಲಿಲ್ಲ. ಎಷ್ಟು ಪುಸ್ತಕ ಎಂದು ಕೇಳಿದರು. ನಾಲ್ಕು ಎಂದೆ. “ನಾಲ್ಕರ ಮೇಲೂ ತಪ್ಪು ಎಂದು ದೊಡ್ಡದಾಗಿ ಬರೆದಿಡು. ಎಸೆಯಬೇಡ” ಎಂದರು. ಎರಡನೆಯ ಸುತ್ತಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ನಾಲ್ಕು ಪುಸ್ತಕಗಳು ಇಂದಿಗೂ ನನ್ನ ಕಪಾಟಿನಲ್ಲಿವೆ. ನನ್ನ ಬಳಿ ಸಂಶೋಧನೆಗೆ ಬಂದ ಪ್ರತಿ ವಿದ್ಯಾರ್ಥಿಗೂ ಮೊದಲ ದಿನ ಅವನ್ನು ತೋರಿಸುತ್ತಿದ್ದೆ. ಡಾಕ್ಟರೇಟ್ ಎಂಬುದು ಹೆಸರಿನ ಹಿಂದೆ ಅಂಟಿಸುವ ಎರಡಕ್ಷರವಲ್ಲ. ತನ್ನ ತಪ್ಪನ್ನು ತಾನೇ ಹಿಡಿಯುವ ಅಭ್ಯಾಸ. ಆ ಅಭ್ಯಾಸ ಇಲ್ಲದವನು ತರಗತಿಯಲ್ಲಿ ಅರುವತ್ತು ಮಕ್ಕಳಿಗೆ ಏನು ಕಲಿಸಿಯಾನು?

ಈ ವೃತ್ತಿಯ ಇಂದಿನ ಕಷ್ಟಗಳನ್ನೂ ಹೇಳದಿದ್ದರೆ ನೆರೆಯವರಿಗೆ ಮೋಸ ಮಾಡಿದಂತಾದೀತು. ಮೊದಲನೆಯದು, ಎಣಿಕೆಯ ಹುಚ್ಚು. ಬಡ್ತಿಗೆ ಪ್ರಬಂಧಗಳ ಸಂಖ್ಯೆ ಬೇಕೆಂದಾಗ, ಸಂಖ್ಯೆಗಾಗಿಯೇ ಪ್ರಬಂಧ ಹುಟ್ಟುತ್ತದೆ. ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಲೋಕದಲ್ಲಿ ನಾಯಿಕೊಡೆಯಂತೆ ಎದ್ದಿವೆ. ಒಂದೇ ಪ್ರಯೋಗವನ್ನು ನಾಲ್ಕು ಚೂರು ಮಾಡಿ ನಾಲ್ಕು ಕಡೆ ಬಡಿಸುವ ಜಾಣರೂ ಇದ್ದಾರೆ. 26 ವರ್ಷ ಒಂದೇ ಪ್ರಶ್ನೆ ಹಿಡಿದು ಕುಳಿತ ಟೇಲರನಿಗೆ ಇಂದಿನ ಲೆಕ್ಕದಲ್ಲಿ ಬಡ್ತಿ ಸಿಗುತ್ತಿರಲಿಲ್ಲ. ಎರಡನೆಯದು, ಪಾಠದ ಹೊರೆ. ಖಾಸಗಿ ಕಾಲೇಜುಗಳ ಎಷ್ಟೋ ಅಧ್ಯಾಪಕರಿಗೆ ತರಗತಿ, ಪರೀಕ್ಷೆ, ದಾಖಲೆಗಳ ನಡುವೆ ಪ್ರಯೋಗಶಾಲೆಯ ಬೀಗ ತೆಗೆಯಲೂ ಬಿಡುವಿಲ್ಲ. ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಹುಡುಗರೆಲ್ಲ ಗಣಕ ವಿಜ್ಞಾನದ ಕಡೆಗೆ ಹರಿಯುತ್ತಿದ್ದಾರೆ; ಅನೇಕ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ವಿಭಾಗದ ಬೆಂಚುಗಳು ಖಾಲಿ. ಬೆಂಚು ಖಾಲಿಯಾದರೆ ಮೇಷ್ಟರ ಹುದ್ದೆಯೂ ಹೋಗುತ್ತದೆ; ಮೇಷ್ಟರು ಹೋದರೆ ಹತ್ತು ವರ್ಷಗಳ ಮೇಲೆ ಮತ್ತೆ ಬೇಕೆಂದಾಗ ಕಲಿಸುವವರು ಸಿಗುವುದಿಲ್ಲ. ಲೇತನ್ನು ಹಣ ಕೊಟ್ಟು ತರಬಹುದು. ಲೇತಿನ ಮುಂದೆ ನಿಂತು ಏಕೆ ಎಂದು ಕೇಳುವ ಮನುಷ್ಯನನ್ನು ಹಡಗಿನಲ್ಲಿ ತರಿಸಲಾಗುವುದಿಲ್ಲ. ನಮ್ಮ ಕಡೆಯ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದಾಗ ಆ ಮೇಸ್ತ್ರಿಗಳ ವಿದ್ಯೆ ಅವರೊಡನೆಯೇ ಹೋಯಿತು. ಅದನ್ನು ಬರೆದಿಡಲು ಯಾರೂ ಅವರ ಮಗ್ಗುಲಲ್ಲಿ ಕುಳಿತಿರಲಿಲ್ಲ.

ಮೊನ್ನೆ ಅದೇ ನೆರೆಯವರು ಮತ್ತೆ ಸಿಕ್ಕಿದರು. ಈ ಮಾತುಗಳಲ್ಲಿ ಅರ್ಧದಷ್ಟನ್ನು ಅವರಿಗೂ ಹೇಳಿದೆ. ಲೀಪ್‌ಮನ್ನರಿಂದಾಗಲಿ ಟೇಲರನಿಂದಾಗಲಿ ಅವರ ಮನಸ್ಸು ಕರಗಲಿಲ್ಲ. ಮಾತು ದೋಣಿಯ ಕಡೆಗೆ ತಿರುಗಿತು. ಚುಕ್ಕಾಣಿಯ ಬಳಿ ಪಂಖದ ದಂಡ ಹೊರಹೋಗುವ ಕಡೆ ಒಂದು ಬುಷ್ ಇರುತ್ತದಲ್ಲ, ಅದು ತಮ್ಮ ದೋಣಿಯಲ್ಲಿ ಬೇಗ ಸವೆಯುತ್ತದೆ ಎಂದು ದೂರಿದರು. ಎಲ್ಲ ಕಾಲದಲ್ಲೂ ಅಲ್ಲ. ಮಳೆಗಾಲ ಕಳೆದು ಮೊದಲ ಬಾರಿ ಇಳಿಯುವ ತಿಂಗಳುಗಳಲ್ಲಿ, ಹೊಳೆ ಹೂಳು ತಂದು ಅಳಿವೆಯ ನೀರು ಕೆಂಪಾಗಿರುವಾಗ ಮಾತ್ರ. ಆಳ ನೀರಿನಲ್ಲೇ ನಿಲ್ಲುವ ದೋಣಿಗಳಿಗೆ ಈ ತೊಂದರೆ ಅಷ್ಟಿಲ್ಲ ಎಂದೂ ಸೇರಿಸಿದರು.

ನಾನು ಎದ್ದು ಕುಳಿತೆ. ತಿಂಗಳು, ನೀರಿನ ಬಣ್ಣ, ಹೋಲಿಕೆಗೆ ಬೇರೆ ದೋಣಿಗಳು: ಒಬ್ಬ ಸಂಶೋಧಕ ಮೊದಲ ವರ್ಷದಲ್ಲಿ ಕಲಿಯಬೇಕಾದದ್ದನ್ನೆಲ್ಲ ಅವರು ಆಗಲೇ ಮಾಡಿದ್ದರು. ಉಜ್ಜಾಟ, ಸವೆತ, ಎಣ್ಣೆ, ಈ ಮೂರನ್ನು ಕುರಿತ ಶಾಸ್ತ್ರಕ್ಕೆ ಟ್ರೈಬಾಲಜಿ ಎಂದು ಹೆಸರು. ಆ ಹೆಸರು ಬಳಕೆಗೆ ಬಂದದ್ದು 1966ರಲ್ಲಿ, ಬ್ರಿಟನ್ನಿನ ಪೀಟರ್ ಜೋಸ್ಟ್ ಅವರ ಸಮಿತಿಯ ವರದಿಯಿಂದ. ಈ ವಿದ್ಯೆಯನ್ನು ಸರಿಯಾಗಿ ಕಲಿಸಿ ಬಳಸಿದರೆ ಆ ಒಂದು ದೇಶವೇ ವರ್ಷಕ್ಕೆ 51 ಕೋಟಿ 50 ಲಕ್ಷ ಪೌಂಡು ಉಳಿಸಬಹುದೆಂದು ಆ ವರದಿ ಹೇಳಿತು. ಹಾಗಿದ್ದರೆ ಗಂಗೊಳ್ಳಿಯ ಒಂದು ದೋಣಿಯ ಬುಷ್ಷಿಗೂ ಆ ಲೆಕ್ಕದಲ್ಲಿ ಜಾಗವಿದೆ. ಯಾವ ಗಾತ್ರದ ಮರಳಿನ ಕಣ ಒಳಗೆ ಹೊಗುತ್ತದೆ, ಮೆದು ಲೋಹದಲ್ಲಿ ಅದು ಹೂತು ನಿಂತು ದಂಡವನ್ನು ಹೇಗೆ ಗೀರುತ್ತದೆ, ಬುಷ್ಷಿಗೆ ಬೇರೆ ವಸ್ತು ಬಳಸಿದರೆ ಏನಾದೀತು: ಅಳೆಯಬೇಕು, ಕೆಡಿಸಬೇಕು, ಮತ್ತೆ ಅಳೆಯಬೇಕು.

“ನಿಮ್ಮ ಮಗ ಓದಬೇಕೆನ್ನುವುದು ಇದನ್ನೇ” ಎಂದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಸಾಲದ ಕಂತು ಎಲ್ಲಿಗೂ ಹೋಗಿರಲಿಲ್ಲ. ಅದು ಅವರ ಮುಖದಲ್ಲಿಯೇ ಇತ್ತು. ಕೊನೆಗೆ ಏಳುತ್ತ ಹೇಳಿದರು: “ಹಂಗಾರೆ ಓದ್ಲಿ, ಕಾಂಬ.”